ಮಾಡಬೇಡಿ ಎಂದವರು, ಮಾಡಿ ನೋಡಿದವರು

ಎಂಆರ್‌ಐ ಯಂತ್ರ ಬರುವುದಕ್ಕೆ ಮುಂಚೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ಕಾಯಿಲೆಯನ್ನು ಪತ್ತೆಹಚ್ಚಲು ವೈದ್ಯರು ಬಳಸುತ್ತಿದ್ದ ಸಾಧನಗಳಲ್ಲಿ ಬಿಸಿನೀರಿನ ತೊಟ್ಟಿಯೂ ಒಂದು. ಅನುಮಾನವಿದ್ದ ರೋಗಿಯನ್ನು ಆ ನೀರಿನಲ್ಲಿ ಕೂರಿಸಿ, ಮೈಶಾಖ ಏರುತ್ತಿದ್ದಂತೆ ಏನಾಗುತ್ತದೆಂದು ಕಾಯುತ್ತಿದ್ದರು. ಕಣ್ಣು ಮಂಜಾದರೆ, ಕಾಲು ಸೋತರೆ, ಮಾತು ತೊದಲಿದರೆ ಅನುಮಾನ ಬಲವಾಗುತ್ತಿತ್ತು. ಹೊರಗೆ ತಂದು ಮೈ ತಣಿದ ಮೇಲೆ ಹೆಚ್ಚಿನವರಿಗೆ ಎಲ್ಲವೂ ಮೊದಲಿನಂತಾಗುತ್ತಿತ್ತು. ಕೆಲವರಿಗೆ ಆಗಲಿಲ್ಲ. ಅಂಥ ವರದಿಗಳು ಬರತೊಡಗಿದ್ದು, ಎಂಆರ್‌ಐ ಕೈಗೆ ಸಿಕ್ಕಿದ್ದು ಎರಡೂ 1980ರ ದಶಕದಲ್ಲಿ. ಬಿಸಿನೀರಿನ ಪರೀಕ್ಷೆ ಬಳಕೆ ತಪ್ಪಿತು.

ಪರೀಕ್ಷೆ ಹೋಯಿತು, ಅದರ ಹಿಂದಿದ್ದ ಭಯ ಹೋಗಲಿಲ್ಲ. ಶಾಖ ಏರಿದರೆ ಲಕ್ಷಣ ಉಲ್ಬಣಿಸುತ್ತದೆ ಎಂದಾದರೆ ಮೈ ಬಿಸಿಯಾಗುವ ಯಾವ ಕೆಲಸವೂ ಬೇಡ ಎಂಬ ತೀರ್ಮಾನ ಸಹಜವಾಗಿಯೇ ಬಂತು. ಓಡಬೇಡಿ, ದಣಿಯಬೇಡಿ, ವ್ಯಾಯಾಮದ ಗೊಡವೆ ಬೇಡ. ಹೆಣ್ಣುಮಕ್ಕಳಿಗಾದರೆ ಇನ್ನೊಂದು ಮಾತು ಸೇರುತ್ತಿತ್ತು: ಮಕ್ಕಳನ್ನು ಹೆರುವ ಯೋಚನೆ ಬಿಡಿ. ಈ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಇಪ್ಪತ್ತರಿಂದ ನಲವತ್ತರ ನಡುವೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಓದು ಮುಗಿಸಿ ಕೆಲಸಕ್ಕೆ ಸೇರಿದ, ಮದುವೆಯ ಮಾತುಕತೆ ನಡೆದಿರುವ ವಯಸ್ಸಿನಲ್ಲೇ ಕೈಗೆ ಬರುತ್ತಿದ್ದುದು ಈ ಬೇಡಗಳ ಪಟ್ಟಿ.

ಪಟ್ಟಿ ಕೊಟ್ಟವರ ಕಾಳಜಿಯಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಪುರಾವೆಯಲ್ಲಿ. ಮಾತ್ರೆಯೊಂದು ಮಾರುಕಟ್ಟೆಗೆ ಬರಬೇಕಾದರೆ ನೂರಾರು ಜನರ ಮೇಲೆ ಪ್ರಯೋಗ ನಡೆದು, ಲಾಭ ಎಷ್ಟು, ಅಪಾಯ ಎಷ್ಟು ಎಂಬುದು ಅಂಕಿಗಳಲ್ಲಿ ಸಾಬೀತಾಗಬೇಕು. ಒಬ್ಬರ ಇಡೀ ಬದುಕನ್ನೇ ಕುಗ್ಗಿಸುವ ಸಲಹೆಗೆ ಅಂಥ ಪರೀಕ್ಷೆ ಬೇಕೆಂದು ಬಹುಕಾಲ ಯಾರಿಗೂ ತೋಚಲಿಲ್ಲ. ಕಳೆದ ಮೂರು ನಾಲ್ಕು ದಶಕಗಳಲ್ಲಿ ಆ ಪರೀಕ್ಷೆಗಳು ನಡೆದವು. ಈ ಅಧ್ಯಾಯ ಅವುಗಳ ಬಗ್ಗೆ.

ನರದೊಳಗೆ

1868ರಲ್ಲಿ ಪ್ಯಾರಿಸ್‌ನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜಾನ್-ಮಾರ್ಟಿನ್ ಶಾರ್ಕೋ ತಮ್ಮ ಉಪನ್ಯಾಸಗಳಲ್ಲಿ ಈ ಕಾಯಿಲೆಯನ್ನು ಇತರ ನಡುಕದ ಕಾಯಿಲೆಗಳಿಂದ ಬೇರ್ಪಡಿಸಿ ವಿವರಿಸಿದರು. ಬದುಕಿದ್ದಾಗ ರೋಗಿ ಅನುಭವಿಸಿದ ತೊಂದರೆಗಳನ್ನೂ ಸತ್ತ ಮೇಲೆ ಮಿದುಳು ಮತ್ತು ಬೆನ್ನುಹುರಿಯಲ್ಲಿ ಕಂಡ ಗಟ್ಟಿ ಕಲೆಗಳನ್ನೂ ಅವರು ಒಂದಕ್ಕೊಂದು ಹೊಂದಿಸಿ ನೋಡಿದರು.

ಆ ಕಲೆಗಳು ಉಂಟಾಗುವ ಬಗೆ ಈಗ ನಮಗೆ ಗೊತ್ತಿದೆ. ಆರೋಗ್ಯವಂತ ನರತಂತುವಿನ ಸುತ್ತ ಮಯಲಿನ್ ಎಂಬ ಕೊಬ್ಬಿನಂಶದ ಪದರ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ನಡುನಡುವೆ ಸಣ್ಣ ಬಯಲು ಜಾಗಗಳಿರುತ್ತವೆ. ಸಂಕೇತ ಈ ಬಯಲಿನಿಂದ ಮುಂದಿನ ಬಯಲಿಗೆ ನೆಗೆಯುತ್ತ ಸಾಗುವುದರಿಂದ ಸೆಕೆಂಡಿಗೆ ನೂರು ಮೀಟರ್‌ವರೆಗಿನ ವೇಗ ಸಾಧ್ಯವಾಗುತ್ತದೆ. ಎಂಎಸ್‌ನಲ್ಲಿ ದೇಹದ ರಕ್ಷಣಾ ಕೋಶಗಳೇ ಮಿದುಳಿನೊಳಗೆ ನುಗ್ಗಿ ಮಯಲಿನನ್ನು ಕಿತ್ತುಹಾಕುತ್ತವೆ. ಕಣ್ಣಿನ ನರದಲ್ಲಿ ಹೀಗಾದರೆ ನೋಟ ಮಂಜಾಗುತ್ತದೆ. ಬೆನ್ನುಹುರಿಯಲ್ಲಾದರೆ ಕಾಲು ಮರಗಟ್ಟುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಕಿರುಮಿದುಳಿನಲ್ಲಾದರೆ ನಡಿಗೆ ಓಲಾಡುತ್ತದೆ. ಬಹುಪಾಲು ರೋಗಿಗಳಲ್ಲಿ ಆರಂಭದ ವರ್ಷಗಳಲ್ಲಿ ಕಾಯಿಲೆ ಬಂದು, ಕೆಲವು ವಾರ ಕಾಡಿ, ತಗ್ಗಿ, ಮತ್ತೆ ಮರುಕಳಿಸುತ್ತದೆ. ಮಯಲಿನ್ ಹೋದ ಜಾಗದಲ್ಲಿ ನರತಂತುವೂ ಕ್ರಮೇಣ ಸಾಯುತ್ತದೆ. ಉಳಿದುಹೋಗುವ ಅಂಗವೈಕಲ್ಯಕ್ಕೆ ಕಾರಣ ಅದು.

ರಕ್ಷಣಾ ಕೋಶಗಳು ಹೀಗೆ ತಿರುಗಿಬೀಳುವುದಕ್ಕೆ ಕಾರಣ ಹುಡುಕುವ ಕೆಲಸದಲ್ಲಿ 2022ರಲ್ಲಿ ದೊಡ್ಡ ಹೆಜ್ಜೆ ಬಿತ್ತು. ಅಮೆರಿಕ ಸೇನೆಯ ಒಂದು ಕೋಟಿಗೂ ಹೆಚ್ಚು ಸಿಬ್ಬಂದಿಯ ದಾಖಲೆ ಮತ್ತು ರಕ್ತದ ಮಾದರಿಗಳನ್ನು ಜಾಲಾಡಿದ ಹಾರ್ವರ್ಡ್ ವಿಜ್ಞಾನಿಗಳು, ಎಪ್‌ಸ್ಟೀನ್-ಬಾರ್ ಎಂಬ ಸರ್ವೇಸಾಮಾನ್ಯ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಸಾಧ್ಯತೆ 32 ಪಟ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಆ ವೈರಸ್ ಬಹುತೇಕ ಎಲ್ಲರ ದೇಹದಲ್ಲೂ ಇದೆ, ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ವಂಶವಾಹಿ, ಧೂಮಪಾನ, ವಿಟಮಿನ್ ಡಿ ಕೊರತೆಗಳೂ ಲೆಕ್ಕಕ್ಕೆ ಬರುತ್ತವೆ.

ಔಷಧಗಳ ಕಡೆ ಪ್ರಗತಿ ಇನ್ನೂ ವೇಗವಾದದ್ದು. 1993ರಲ್ಲಿ ಇಂಟರ್‌ಫೆರಾನ್ ಬೀಟಾ ಅಮೆರಿಕದಲ್ಲಿ ಅನುಮತಿ ಪಡೆಯುವವರೆಗೆ ಕಾಯಿಲೆಯ ಹಾದಿಯನ್ನೇ ಬದಲಿಸುವ ಒಂದು ಔಷಧವೂ ಇರಲಿಲ್ಲ. ಈಗ ಇಪ್ಪತ್ತಕ್ಕೂ ಹೆಚ್ಚು ಇವೆ, ಮರುಕಳಿಕೆಯನ್ನು ತಡೆಯುವುದರಲ್ಲಿ ಕೆಲವು ಬಹಳ ಸಮರ್ಥ. ಆದರೆ ಅವು ಮುಂದಾಗಬಹುದಾದ ಹಾನಿಯನ್ನು ತಡೆಯುತ್ತವೆ, ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಆ ಹಾನಿಯೊಂದಿಗೆ ದಿನ ಕಳೆಯುವ ಬಗೆಗೆ ಬೇರೆಯದೇ ಸಂಶೋಧನೆ ಬೇಕಾಗಿತ್ತು.

ಅರ್ಧ ಡಿಗ್ರಿಯ ವ್ಯತ್ಯಾಸ

ಶಾಖದ ಭಯಕ್ಕೆ ಮೂಲ 1890ರಲ್ಲಿದೆ. ವಿಲ್‌ಹೆಲ್ಮ್ ಉಟ್‌ಹಾಫ್ ಎಂಬ ಜರ್ಮನ್ ನೇತ್ರವೈದ್ಯರು ತಾವು ಪರೀಕ್ಷಿಸಿದ ನೂರು ಎಂಎಸ್ ರೋಗಿಗಳಲ್ಲಿ ನಾಲ್ವರಿಗೆ ದೇಹ ದಣಿದಾಗ ಕಣ್ಣು ಮಂಜಾಗಿ, ವಿಶ್ರಾಂತಿ ಪಡೆದ ಮೇಲೆ ಮತ್ತೆ ತಿಳಿಯಾಗುವುದನ್ನು ಗಮನಿಸಿದರು. ದಣಿವೇ ಇದಕ್ಕೆ ಕಾರಣ ಎಂದು ಅವರು ಭಾವಿಸಿದ್ದರು. ದಣಿವಿನ ಜೊತೆ ಏರುವ ಮೈಶಾಖ ಕಾರಣವೆಂದು ಸ್ಪಷ್ಟವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು.

ಸೋಡಿಯಂ ಅಯಾನುಗಳು ನರತಂತುವಿನ ಒಳಗೆ ನುಗ್ಗಿದಾಗ ಸಂಕೇತ ಹುಟ್ಟುತ್ತದೆ. ಅವುಗಳಿಗೆಂದೇ ಪೊರೆಯಲ್ಲಿ ಬಾಗಿಲುಗಳಿವೆ. ಶಾಖ ಏರಿದಂತೆ ಈ ಬಾಗಿಲುಗಳು ಬೇಗ ತೆರೆದು ಬೇಗ ಮುಚ್ಚಿಕೊಳ್ಳುತ್ತವೆ. ಒಳಗೆ ಬರುವ ಒಟ್ಟು ಸೋಡಿಯಂ ಕಡಿಮೆಯಾಗುತ್ತದೆ. ಮಯಲಿನ್ ಇರುವ ನರದಲ್ಲಿ ಸಂಕೇತ ಸಾಗಲು ಬೇಕಾದ್ದಕ್ಕಿಂತ ಹಲವು ಪಟ್ಟು ವಿದ್ಯುತ್ ಇರುವುದರಿಂದ ಈ ಇಳಿಕೆ ಲೆಕ್ಕಕ್ಕೇ ಬರುವುದಿಲ್ಲ. ಮಯಲಿನ್ ಕಳೆದುಕೊಂಡ ಜಾಗದಲ್ಲಿ ಇರುವುದೇ ಅಳತೆಗೆ ಸರಿಯಾಗಿ. ಅಲ್ಲಿ ಮೈಶಾಖ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಸಂಕೇತ ನಡುದಾರಿಯಲ್ಲೇ ಸತ್ತುಹೋಗಬಹುದು. ಮೈ ತಣಿದರೆ ಬಾಗಿಲುಗಳು ಮೊದಲಿನ ಲಯಕ್ಕೆ ಮರಳುತ್ತವೆ, ಸಂಕೇತ ಮತ್ತೆ ಸಾಗುತ್ತದೆ.

ಈ ವಿವರದಿಂದ ಒಂದು ಮುಖ್ಯ ಸಂಗತಿ ಹೊರಬೀಳುತ್ತದೆ. ವ್ಯಾಯಾಮದಿಂದ ಅಥವಾ ಬಿಸಿಲಿನಿಂದ ಬಂದ ಮಂಜುಗಣ್ಣು ಕಾಯಿಲೆ ಮರುಕಳಿಸಿದ್ದರ ಗುರುತಲ್ಲ. ಹೊಸದಾಗಿ ಮಯಲಿನ್ ನಾಶವಾಗಿಲ್ಲ. ತೊಂದರೆ ನಿಜ, ತಾತ್ಕಾಲಿಕವೂ ನಿಜ. ಹಾಗೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಸ್ನಾನದ ಮನೆಯಲ್ಲಿ ಕಾಲು ಸೋತು ಬಿದ್ದರೆ ಮುರಿಯುವ ಮೂಳೆ ತಾತ್ಕಾಲಿಕವಲ್ಲ. ಹಂಡೆ ತುಂಬ ನೀರು ಕಾಯಿಸಿ ಎಣ್ಣೆಸ್ನಾನ ಮಾಡುವ ನಮ್ಮ ಮನೆಗಳಲ್ಲಿ ಎಂಎಸ್ ಇರುವವರು ಉಗುರುಬೆಚ್ಚಗಿನ ನೀರು ಬಳಸುವುದು, ಸ್ಟೂಲ್ ಹಾಕಿಕೊಂಡು ಕೂರುವುದು, ಒಳಗಿನಿಂದ ಚಿಲಕ ಹಾಕದಿರುವುದು ಒಳ್ಳೆಯದು.

ಜ್ವರ ಬಂದಾಗ ನಡೆಯುವುದೂ ಇದೇ. ಎಂಎಸ್‌ನಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕು ತಗಲುವುದು ಸಾಮಾನ್ಯ. ಪದೇ ಪದೇ ಶೌಚಾಲಯಕ್ಕೆ ಓಡಬೇಕಾಗುತ್ತದೆಂದು, ಬಸ್ಸಿನಲ್ಲೋ ಆಫೀಸಿನಲ್ಲೋ ಮುಜುಗರವಾಗುತ್ತದೆಂದು ಅನೇಕರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಸೋಂಕಿಗೆ ಅದರಿಂದ ಇನ್ನಷ್ಟು ಅನುಕೂಲ. ಸೋಂಕಿನಿಂದ ಜ್ವರ, ಜ್ವರದಿಂದ ಕಾಲು ಮೇಲೇಳದ ಸ್ಥಿತಿ. ಮನೆಯವರು ಕಾಯಿಲೆ ಮರುಕಳಿಸಿತೆಂದು ಹೆದರುತ್ತಾರೆ. ಅನುಭವಿ ವೈದ್ಯರು ಮರುಕಳಿಕೆಗೆಂದು ಸ್ಟಿರಾಯ್ಡ್ ಕೊಡುವ ಮುನ್ನ ಮೂತ್ರ ಪರೀಕ್ಷೆ ಮಾಡಿಸುವುದು ಇದಕ್ಕಾಗಿ.

ಕಾರಣ ಗೊತ್ತಾದ ಮೇಲೆ ಪರಿಹಾರದ ಪರೀಕ್ಷೆ ಸಾಧ್ಯವಾಯಿತು. ಗಗನಯಾತ್ರಿಗಳ ಉಡುಪಿಗಾಗಿ ನಾಸಾ ರೂಪಿಸಿದ್ದ ತಂಪುಗೊಳಿಸುವ ತಂತ್ರಜ್ಞಾನವನ್ನು ಬಳಸಿ 84 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ತಂಪು ಉಡುಪು ಧರಿಸಿದ ಮೇಲೆ ನಡಿಗೆ ಮತ್ತು ದೃಷ್ಟಿಯಲ್ಲಿ ಸಣ್ಣದಾದರೂ ಅಳೆಯಬಹುದಾದ ಸುಧಾರಣೆ ಕಂಡಿತು. ತಿಂಗಳ ಕಾಲ ದಿನವೂ ಬಳಸಿದವರು ಸುಸ್ತು ಕಡಿಮೆಯಾಯಿತೆಂದರು. ಅಂಥ ಉಡುಪು ಎಲ್ಲರ ಕೈಗೆಟುಕದಿರಬಹುದು. ಅದರ ತತ್ವ ಮಾತ್ರ ಒದ್ದೆ ಟವೆಲಿಗೂ ತಣ್ಣೀರಿಗೂ ಫ್ಯಾನಿಗೂ ಅನ್ವಯಿಸುತ್ತದೆ. ಕಲಬುರಗಿಯ, ರಾಯಚೂರಿನ ಬೇಸಿಗೆಯಲ್ಲಿ ಬದುಕುವವರಿಗೆ ಇದು ಸಣ್ಣ ವಿಷಯವಲ್ಲ.

ಬೆವರು ಹರಿಸಿದವರು

ವ್ಯಾಯಾಮ ಬೇಡ ಎಂಬ ಸಲಹೆಯನ್ನು ನೇರವಾಗಿ ಪ್ರಶ್ನಿಸಿದವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜ್ಯಾಕ್ ಪೆಟಾಜನ್ ಮತ್ತು ಸಂಗಡಿಗರು. 54 ರೋಗಿಗಳನ್ನು ಆರಿಸಿ, ಯಾರು ಯಾವ ಗುಂಪಿಗೆ ಎಂಬುದನ್ನು ಅದೃಷ್ಟಕ್ಕೆ ಬಿಟ್ಟು, ಒಂದು ಗುಂಪಿಗೆ ವ್ಯಾಯಾಮ ಮಾಡಿಸಿದರು, ಇನ್ನೊಂದಕ್ಕೆ ಇಲ್ಲ. ಕೈಕಾಲು ಎರಡಕ್ಕೂ ಕೆಲಸ ಕೊಡುವ ಪೆಡಲ್ ಯಂತ್ರದ ಮೇಲೆ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ 40 ನಿಮಿಷ, ಒಟ್ಟು 15 ವಾರ. 1996ರಲ್ಲಿ ಪ್ರಕಟವಾದ ಫಲಿತಾಂಶ ಆ ಕಾಲದ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ವ್ಯಾಯಾಮ ಮಾಡಿದವರ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ 22 ಶೇಕಡಾ ಏರಿತ್ತು. ಕೈಕಾಲಿನ ಬಲ ಹೆಚ್ಚಿತ್ತು, ಮನಸ್ಸಿನ ಕುಗ್ಗುವಿಕೆ ಇಳಿದಿತ್ತು.

ಹಾಗಾದರೆ ಅಲ್ಲಿಯವರೆಗೆ ಕಾಲು ಸೋಲುತ್ತಿದ್ದುದಕ್ಕೆ ಕಾರಣ ಕಾಯಿಲೆಯೊಂದೇ ಅಲ್ಲ. ಅದರ ಒಂದು ಪಾಲು ಕೂತಲ್ಲೇ ಕೂತಿದ್ದರಿಂದ ಬಂದದ್ದು. ವಿಶ್ರಾಂತಿಯ ಸಲಹೆ ಪಾಲಿಸಿದ ರೋಗಿಯ ಸ್ನಾಯು ಬಡವಾಗುತ್ತಿತ್ತು, ಹೃದಯದ ಕಸುವು ಇಳಿಯುತ್ತಿತ್ತು. ಅದನ್ನು ಕಂಡು ಕಾಯಿಲೆ ಹೆಚ್ಚಿತೆಂದುಕೊಂಡು ಇನ್ನಷ್ಟು ವಿಶ್ರಾಂತಿ ಹೇಳುತ್ತಿದ್ದರು.

ವ್ಯಾಯಾಮದಿಂದ ಕಾಯಿಲೆ ಮರುಕಳಿಸೀತೆಂಬ ಅಂಜಿಕೆಗೂ ಉತ್ತರ ಸಿಕ್ಕಿತು. 26 ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ ವ್ಯಾಯಾಮ ಮಾಡಿದವರಲ್ಲಿ ಮರುಕಳಿಕೆ 4.6 ಶೇಕಡಾ, ಮಾಡದವರಲ್ಲಿ 6.3 ಶೇಕಡಾ ಇತ್ತು. ವ್ಯಾಯಾಮ ಕಾಯಿಲೆಯನ್ನು ತಡೆಯುತ್ತದೆ ಎನ್ನಲು ಇಷ್ಟು ಸಾಲದು. ಕೆರಳಿಸುವುದಿಲ್ಲ ಎನ್ನಲು ಸಾಕು.

ಈ ಸಂಶೋಧನೆಗೆ ಕರ್ನಾಟಕದ ನಂಟೂ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ರೂಪಿಸಿದ ಯೋಗಪದ್ಧತಿಯಲ್ಲಿ ಗೋಡೆ, ಕುರ್ಚಿ, ಪಟ್ಟಿಗಳ ಆಸರೆಯಿದೆ. ಸಮತೋಲ ತಪ್ಪುವವರಿಗೆ ಹೇಳಿ ಮಾಡಿಸಿದ್ದು. ಅಮೆರಿಕದ ಒರೆಗಾನ್‌ನಲ್ಲಿ 69 ಎಂಎಸ್ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಾರಕ್ಕೊಮ್ಮೆ ಅಯ್ಯಂಗಾರ್ ಯೋಗದ ತರಗತಿ, ಇನ್ನೊಂದಕ್ಕೆ ನಿಂತ ಸೈಕಲ್ ತುಳಿಯುವ ತರಗತಿ, ಮೂರನೆಯದಕ್ಕೆ ಏನೂ ಇಲ್ಲದೆ ಆರು ತಿಂಗಳು ಗಮನಿಸಿದರು. 2004ರಲ್ಲಿ ಬಂದ ಫಲಿತಾಂಶದ ಪ್ರಕಾರ ಯೋಗ ಮತ್ತು ಸೈಕಲ್ ಎರಡೂ ಸುಸ್ತನ್ನು ಕಡಿಮೆ ಮಾಡಿದ್ದವು. ನೆನಪು, ಏಕಾಗ್ರತೆಗಳಲ್ಲಿ ಎರಡರಿಂದಲೂ ಬದಲಾವಣೆ ಕಾಣಲಿಲ್ಲ. ಯೋಗದಿಂದ ಎಂಎಸ್ ಗುಣವಾಗುತ್ತದೆಂದು ಹೇಳುವವರೂ, ಯೋಗದಿಂದ ಏನೂ ಇಲ್ಲವೆಂದು ತಳ್ಳಿಹಾಕುವವರೂ ಈ ಫಲಿತಾಂಶದ ಎದುರು ನಿಲ್ಲಲಾರರು.

ಬಸಿರು, ಬಾಣಂತನ

ಮಕ್ಕಳು ಬೇಡ ಎಂಬ ಸಲಹೆ ಎಷ್ಟು ಮದುವೆಗಳನ್ನು ಮುರಿಯಿತೋ, ಎಷ್ಟು ಹೆಣ್ಣುಮಕ್ಕಳನ್ನು ಕೊರಗಿಸಿತೋ ಲೆಕ್ಕವಿಟ್ಟವರಿಲ್ಲ. ಅದಕ್ಕೆ ನಿಚ್ಚಳವಾದ ಉತ್ತರ ಸಿಕ್ಕಿದ್ದು 1998ರಲ್ಲಿ. ಫ್ರಾನ್ಸಿನ ಕ್ರಿಶ್ಚಿಯನ್ ಕಾನ್‌ಫಾವ್ರ್ ನೇತೃತ್ವದ ತಂಡ ಯುರೋಪಿನ 12 ದೇಶಗಳಲ್ಲಿ ಎಂಎಸ್ ಇದ್ದ 254 ಹೆಂಗಸರ 269 ಬಸಿರುಗಳನ್ನು ಉದ್ದಕ್ಕೂ ಹಿಂಬಾಲಿಸಿತು. ಬಸಿರಿಗೆ ಮುಂಚಿನ ವರ್ಷದಲ್ಲಿ ಮರುಕಳಿಕೆಯ ದರ ವರ್ಷಕ್ಕೆ 0.7 ಇತ್ತು. ಕೊನೆಯ ಮೂರು ತಿಂಗಳಲ್ಲಿ ಅದು 0.2ಕ್ಕೆ ಇಳಿಯಿತು. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ 1.2ಕ್ಕೆ ಏರಿ, ಆಮೇಲೆ ಹಳೆಯ ಮಟ್ಟಕ್ಕೆ ಬಂತು.

ಕೂಸನ್ನು ಪರಕೀಯವೆಂದು ತಾಯಿಯ ದೇಹ ತಳ್ಳಿಬಿಡದಂತೆ ಬಸಿರಿನಲ್ಲಿ ರಕ್ಷಣಾ ವ್ಯವಸ್ಥೆ ತನ್ನ ವರ್ತನೆಯನ್ನು ಬದಲಿಸಿಕೊಳ್ಳುತ್ತದೆ; ಮಯಲಿನ್ ಮೇಲಿನ ದಾಳಿಯೂ ಆಗ ತಗ್ಗುತ್ತದೆ. ಈ ಅಂಕಿಗಳಿಂದ ಸಲಹೆ ಬೇರೆಯಾಯಿತು. ಬಸಿರು ಬೇಡ ಎನ್ನುವ ಬದಲು, ಬಸಿರಿಗೆ ಮುಂಚೆಯೇ ನರತಜ್ಞರೊಡನೆ ಮಾತಾಡಿ ಯಾವ ಔಷಧ ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂದು ಗೊತ್ತುಮಾಡಿಕೊಳ್ಳಿ. ಬಾಣಂತನದ ಮೊದಲ ತಿಂಗಳುಗಳಲ್ಲಿ ಎಚ್ಚರವಾಗಿರಿ. ಕೂಸನ್ನು ನೋಡಿಕೊಳ್ಳಲು ಆಗ ಇನ್ನೊಬ್ಬರು ಮನೆಯಲ್ಲಿರಲಿ. ತವರಿನಲ್ಲಿ ಬಾಣಂತನ ಮಾಡುವ ನಮ್ಮ ಪದ್ಧತಿ ಈ ಸಲಹೆಗೆ ಚೆನ್ನಾಗಿ ಒದಗುತ್ತದೆ. ಬಾಣಂತಿಯ ಕೋಣೆಯ ಬಿಸಿಯನ್ನಷ್ಟೇ ಕಡಿಮೆ ಮಾಡಬೇಕು.

ಕಾಣದ ಸುಸ್ತು

ಎಂಎಸ್‌ನಿಂದಾಗುವ ಅಂಗವೈಕಲ್ಯವನ್ನು ಅಳೆಯಲು ಜಗತ್ತೆಲ್ಲ ಬಳಸುವ ಮಾಪಕವನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಜಾನ್ ಕರ್ಟ್ಸ್‌ಕೆ, 1983ರಲ್ಲಿ. ಸೊನ್ನೆಯಿಂದ ಹತ್ತರವರೆಗಿನ ಅಂಕಗಳು. ನಾಲ್ಕು ದಾಟಿದ ಮೇಲೆ ಅದು ಅಳೆಯುವುದು ಹೆಚ್ಚಾಗಿ ನಡಿಗೆಯನ್ನು. ಒಂದು ಕೋಲಿನ ಆಸರೆಯಿಂದ ನೂರು ಮೀಟರ್ ನಡೆಯಬಲ್ಲವರಿಗೆ ಆರು. ಆದರೆ ರೋಗಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಹೇಳಿಕೊಳ್ಳುವ ದೂರು ಸುಸ್ತಿನದು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದರೂ ಮಧ್ಯಾಹ್ನದ ಹೊತ್ತಿಗೆ ಚಮಚ ಎತ್ತಲಾಗದಷ್ಟು ಸುಸ್ತು. ಮೇಲೆ ನೋಡಿದರೆ ಏನೂ ಆಗಿಲ್ಲ. ಹಾಗಾಗಿ ಮನೆಯಲ್ಲಿ ಸೋಮಾರಿ ಎಂಬ ಹೆಸರು, ಆಫೀಸಿನಲ್ಲಿ ನೆಪಗಾರರೆಂಬ ಹೆಸರು.

2013ರಲ್ಲಿ ಬ್ರಿಟನ್ನಿನಲ್ಲಿ ರೋಗಿಗಳು, ಅವರನ್ನು ನೋಡಿಕೊಳ್ಳುವವರು, ವೈದ್ಯರು ಒಟ್ಟಿಗೆ ಕೂತು ಎಂಎಸ್ ಸಂಶೋಧನೆ ಯಾವ ಪ್ರಶ್ನೆಗಳಿಗೆ ಮೊದಲು ಉತ್ತರ ಹುಡುಕಬೇಕೆಂದು ಹತ್ತು ಪ್ರಶ್ನೆಗಳನ್ನು ಆರಿಸಿದರು. ಅಂಗವೈಕಲ್ಯವನ್ನು ತಡೆಯುವ ಚಿಕಿತ್ಸೆ ಮೊದಲನೆಯದು, ಕಾಯಿಲೆಯೇ ಬಾರದಂತೆ ತಡೆಯುವ ಬಗೆ ಎರಡನೆಯದು. ಮೂರನೆಯ ಸ್ಥಾನದಲ್ಲಿದ್ದುದು ಸುಸ್ತಿಗೆ ಪರಿಹಾರ.

ವೈದ್ಯರು ದಶಕಗಳಿಂದ ಸುಸ್ತಿಗೆ ಮೂರು ಮಾತ್ರೆಗಳನ್ನು ಬರೆದುಕೊಡುತ್ತ ಬಂದಿದ್ದರು: ಅಮಾಂಟಡೀನ್, ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್. ಅಮೆರಿಕದ ಎರಡು ಕೇಂದ್ರಗಳಲ್ಲಿ 141 ರೋಗಿಗಳಿಗೆ ಈ ಮೂರನ್ನೂ, ಜೊತೆಗೆ ಔಷಧವಿಲ್ಲದ ಹುಸಿಮಾತ್ರೆಯನ್ನೂ, ಯಾವುದು ಯಾವುದೆಂದು ತಿಳಿಸದೆ ಸರದಿಯಂತೆ ಕೊಟ್ಟು ನೋಡಿದರು. 2021ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಸುಸ್ತಿನ ಅಂಕ ಆರಂಭದಲ್ಲಿ 51ರ ಆಸುಪಾಸು; ನಾಲ್ಕರಲ್ಲಿ ಯಾವುದನ್ನು ನುಂಗಿದಾಗಲೂ ಅದು 40ರ ಆಸುಪಾಸಿಗೆ ಇಳಿಯಿತು. ನಿಜವಾದ ಮಾತ್ರೆಗೂ ಹುಸಿಮಾತ್ರೆಗೂ ವ್ಯತ್ಯಾಸವಿಲ್ಲ, ಅಡ್ಡಪರಿಣಾಮ ಮಾತ್ರ ನಿಜವಾದವುಗಳಲ್ಲಿ ಹೆಚ್ಚು.

ಇದೇ ಸುಸ್ತಿಗೆ ಮಾತ್ರೆಯಿಲ್ಲದ ಇನ್ನೊಂದು ದಾರಿಯೂ ಪರೀಕ್ಷೆಗೆ ಒಳಗಾಗಿತ್ತು. ವಾರಕ್ಕೊಮ್ಮೆ ಎರಡು ಗಂಟೆಯಂತೆ ಆರು ವಾರಗಳ ಒಂದು ತರಗತಿ. ದಿನದ ಕಸುವನ್ನು ಹಂಚಿಕೊಳ್ಳುವುದನ್ನು ಕಲಿಸುವುದು ಅದರ ಉದ್ದೇಶ. ತಿಂಗಳ ಸಂಬಳ ಕೈಗೆ ಬಂದಾಗ ಬಾಡಿಗೆಗೆ ಇಷ್ಟು, ದಿನಸಿಗೆ ಇಷ್ಟು ಎಂದು ಎತ್ತಿಟ್ಟು ಉಳಿದದ್ದರಲ್ಲಿ ಇತರ ಖರ್ಚು ತೂಗಿಸುವ ಹಾಗೆ, ಬೆಳಿಗ್ಗೆ ಏಳುವಾಗ ಇರುವ ಕಸುವನ್ನು ಯಾವುದಕ್ಕೆ ಎಷ್ಟು ಎಂದು ಮೊದಲೇ ಲೆಕ್ಕ ಹಾಕುವುದು. ಅಡುಗೆಮನೆಯನ್ನೇ ನೋಡಿ. ತರಕಾರಿಯನ್ನು ನಿಂತು ಹೆಚ್ಚುವ ಬದಲು ಕೂತು ಹೆಚ್ಚಬಹುದು. ದಿನವೂ ಬೇಕಾಗುವ ಪಾತ್ರೆ, ಡಬ್ಬಿಗಳನ್ನು ಬಗ್ಗದೆ, ಚಾಚದೆ ಸಿಗುವಂತೆ ಸೊಂಟದೆತ್ತರದಲ್ಲಿ ಇಡಬಹುದು. ಒಲೆಯ ಮುಂದಿನ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮುಗಿಸಬಹುದು. ಬಟ್ಟೆ ಒಗೆಯುವುದೂ ಮನೆ ಒರೆಸುವುದೂ ಒಂದೇ ದಿನ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಸುಸ್ತಾದ ಮೇಲೆ ಮಲಗುವುದಲ್ಲ, ಸುಸ್ತಾಗುವ ಮುಂಚೆ ಮಲಗುವುದು. ಅಮೆರಿಕದಲ್ಲಿ 169 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ತರಗತಿ ಸುಸ್ತಿನ ಹೊಡೆತವನ್ನು ಕಡಿಮೆ ಮಾಡಿತು. ವರ್ಷದ ನಂತರ ವಿಚಾರಿಸಿದಾಗಲೂ ಲಾಭ ಉಳಿದಿತ್ತು.

2024ರಲ್ಲಿ ಮುನ್ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಫೋನಿನಲ್ಲೇ ಆಪ್ತಸಮಾಲೋಚಕರೊಡನೆ ಮಾತಾಡಿ ಸುಸ್ತಿನ ಬಗೆಗಿನ ಯೋಚನೆ, ನಿದ್ದೆ, ದಿನಚರಿಗಳನ್ನು ತಿದ್ದಿಕೊಂಡವರಲ್ಲಿ, ಮೊಡಾಫಿನಿಲ್ ತೆಗೆದುಕೊಂಡವರಲ್ಲಿ, ಎರಡನ್ನೂ ಮಾಡಿದವರಲ್ಲಿ ಸುಧಾರಣೆ ಸರಿಸುಮಾರು ಒಂದೇ ಆಗಿತ್ತು. ಆ ಅಧ್ಯಯನದಲ್ಲಿ ಹುಸಿಮಾತ್ರೆಯ ಗುಂಪು ಇರಲಿಲ್ಲ. ಹಾಗಾಗಿ ಸುಧಾರಣೆಯಲ್ಲಿ ಮಾತ್ರೆಯ ಪಾಲೆಷ್ಟೆಂದು ಅದರಿಂದ ಗೊತ್ತಾಗುವುದಿಲ್ಲ. ಊರಾಚೆಯ ಹಳ್ಳಿಯಿಂದ ಆಸ್ಪತ್ರೆಗೆ ಬಂದುಹೋಗುವುದೇ ಕಷ್ಟವಾದವರಿಗೆ ಫೋನಿನ ಮಾರ್ಗ ತೆರೆದದ್ದು ಮಾತ್ರ ದೊಡ್ಡ ಲಾಭ.

ಕತೆ ಕಟ್ಟಿ ನೆನಪಿಡುವುದು

ಎಂಎಸ್ ಇರುವವರಲ್ಲಿ ಅರ್ಧದಷ್ಟು ಮಂದಿಗೆ ನೆನಪಿನ ಶಕ್ತಿ ಮತ್ತು ಯೋಚನೆಯ ವೇಗ ತಗ್ಗುತ್ತವೆ. ನ್ಯೂಜೆರ್ಸಿಯ ಕೆಸ್ಲರ್ ಫೌಂಡೇಶನ್‌ನ ನ್ಯಾನ್ಸಿ ಕಿಯಾರವಲೋಟಿ ಮತ್ತು ಜಾನ್ ಡೆಲೂಕಾ ಇದಕ್ಕೆ ಒಂದು ತರಬೇತಿಯನ್ನು ರೂಪಿಸಿದರು. ಮೊದಲ ಕೆಲವು ತರಗತಿಗಳಲ್ಲಿ ರೋಗಿಗೆ ಒಂದು ಕತೆ ಓದಲು ಕೊಡುತ್ತಾರೆ. ನೆನಪಿಡಬೇಕಾದ ಪದಗಳು ಅದರಲ್ಲಿ ಎದ್ದುಕಾಣುವಂತೆ ಇರುತ್ತವೆ. ಪ್ರತಿ ಸನ್ನಿವೇಶವನ್ನೂ ಕಣ್ಣಮುಂದೆ ತಂದುಕೊಳ್ಳುವುದನ್ನು ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ಸಂಬಂಧವಿಲ್ಲದ ಪದಗಳ ಪಟ್ಟಿ ಕೊಟ್ಟು, ಅವುಗಳನ್ನೆಲ್ಲ ಪೋಣಿಸಿ ಕತೆಯೊಂದನ್ನು ತಾವೇ ಕಟ್ಟಲು ಹೇಳುತ್ತಾರೆ. ಕೊನೆಗೆ ಇದೇ ವಿದ್ಯೆಯನ್ನು ಅಂಗಡಿಯ ಚೀಟಿಗೆ, ದಿನದ ಕೆಲಸಗಳಿಗೆ ಅನ್ವಯಿಸುವುದನ್ನು ಕಲಿಸುತ್ತಾರೆ. ಹತ್ತು ತರಗತಿ, ಐದು ವಾರ.

86 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ತರಬೇತಿ ಪಡೆದವರು ಹೊಸದನ್ನು ಕಲಿಯುವುದರಲ್ಲಿ ಮುಂದಾದರು. ಮನೆಯವರೂ ದಿನನಿತ್ಯದ ಬದುಕಿನಲ್ಲಿ ಸುಧಾರಣೆಯನ್ನು ಗುರುತಿಸಿದರು. ಮಿದುಳಿನ ಚಿತ್ರಣ ಮಾಡಿದಾಗ ತರಬೇತಿಯ ನಂತರ ಮಿದುಳಿನ ಹೆಚ್ಚಿನ ಭಾಗಗಳು ಕೆಲಸಕ್ಕೆ ತೊಡಗಿದ್ದು ಕಂಡಿತು. ಗಾಯಗೊಂಡ ಮಿದುಳು ತನ್ನಲ್ಲಿ ಉಳಿದಿರುವ ದಾರಿಗಳನ್ನು ಹೊಸ ರೀತಿಯಲ್ಲಿ ಬಳಸಲು ಕಲಿಯಬಲ್ಲದು. ಅದಕ್ಕೆ ಕಲಿಸುವವರು ಬೇಕು.

ಸುಳ್ಳಾದ ಭರವಸೆ

ಪರೀಕ್ಷೆ ಬೇಡಗಳನ್ನಷ್ಟೇ ಅಳಿಸುವುದಿಲ್ಲ, ಪೊಳ್ಳು ಭರವಸೆಯನ್ನೂ ಅಳಿಸುತ್ತದೆ. 2009ರಲ್ಲಿ ಇಟಲಿಯ ಫೆರಾರಾ ವಿಶ್ವವಿದ್ಯಾಲಯದ ರಕ್ತನಾಳ ತಜ್ಞ ಪಾವ್ಲೊ ಜಂಬೋನಿ, ಮಿದುಳಿನಿಂದ ರಕ್ತ ಇಳಿದುಬರುವ ಕುತ್ತಿಗೆಯ ಅಭಿಧಮನಿಗಳು ಕಿರಿದಾಗಿರುವುದೇ ಎಂಎಸ್‌ಗೆ ಕಾರಣವಿರಬಹುದು, ಬಲೂನಿನಿಂದ ಅವನ್ನು ಹಿಗ್ಗಿಸಿದರೆ ಅನುಕೂಲವಾಗುತ್ತದೆ ಎಂದರು. ಅವರ ಪತ್ನಿಗೇ ಎಂಎಸ್ ಇತ್ತು. ಸುದ್ದಿ ಕೆನಡಾದಲ್ಲಿ ಕಾಳ್ಗಿಚ್ಚಾಯಿತು. ತಮ್ಮ ದೇಶದಲ್ಲಿ ಸಿಗದ ಈ ಚಿಕಿತ್ಸೆಗಾಗಿ ಸಾವಿರಾರು ಮಂದಿ ಕೈಯಿಂದ ದುಡ್ಡು ಹಾಕಿ ಪೋಲೆಂಡಿಗೆ, ಮೆಕ್ಸಿಕೋಗೆ, ಭಾರತಕ್ಕೂ ಬಂದರು. ಹಿಂದಿರುಗಿದವರಲ್ಲಿ ಅನೇಕರು ಕಾಲಿಗೆ ಬಲ ಬಂತು, ತಲೆ ಹಗುರಾಯಿತು ಎಂದು ಹೇಳಿದರು, ಮನಃಪೂರ್ವಕವಾಗಿಯೇ.

ಕೆನಡಾ ಈ ಮಾತುಗಳನ್ನು ತಳ್ಳಿಹಾಕದೆ ಪರೀಕ್ಷಿಸಿತು. 104 ರೋಗಿಗಳ ಅಭಿಧಮನಿಯೊಳಗೂ ಕೊಳವೆ ತೂರಿಸಲಾಯಿತು. ಅರ್ಧದಷ್ಟು ಜನರಿಗೆ ಮಾತ್ರ ಬಲೂನು ಹಿಗ್ಗಿಸಿದರು. ಯಾರಿಗೆ ಏನಾಯಿತೆಂದು ರೋಗಿಗಳಿಗೂ ಗೊತ್ತಿರಲಿಲ್ಲ, ಅವರನ್ನು ಪರೀಕ್ಷಿಸಿದ ವೈದ್ಯರಿಗೂ ಗೊತ್ತಿರಲಿಲ್ಲ. 48 ವಾರಗಳ ನಂತರ ಎರಡು ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಜಂಬೋನಿ ತಾವೇ ಇಟಲಿಯಲ್ಲಿ ಇಂಥದೇ ಪ್ರಯೋಗ ನಡೆಸಿ, ಈ ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು 2017ರಲ್ಲಿ ಪ್ರಕಟಿಸಿದರು. ತನ್ನ ಸಿದ್ಧಾಂತ ನಿಲ್ಲಲಿಲ್ಲವೆಂದು ತಾನೇ ಜಗತ್ತಿಗೆ ತಿಳಿಸಿದ ಆ ವಿಜ್ಞಾನಿಯನ್ನು ಗೌರವಿಸಲೇಬೇಕು.

ಈ ಪ್ರಸಂಗದಿಂದ ರೋಗಿಗಳ ಮಾತಿಗೆ ಬೆಲೆಯಿಲ್ಲ ಎಂದು ತಿಳಿಯಬಾರದು. ಆಶೆ ಹುಟ್ಟಿದಾಗ ಮೈ ನಿಜಕ್ಕೂ ಹಗುರಾಗುತ್ತದೆ; ಸುಸ್ತಿನ ಪ್ರಯೋಗದಲ್ಲಿ ಹುಸಿಮಾತ್ರೆ ನುಂಗಿದವರಿಗೂ ಆದದ್ದು ಅದೇ. ಆ ಹಗುರ ಎಷ್ಟು ಕಾಲ ಬಾಳುತ್ತದೆ, ಅದಕ್ಕೆ ತೆತ್ತ ಬೆಲೆ ಏನು ಎಂದು ಕೇಳುವುದು ಸಂಶೋಧನೆಯ ಕೆಲಸ.

ಮಂಗಳೂರಿನ ಎಣಿಕೆ

ಜಗತ್ತಿನಲ್ಲಿ ಎಂಎಸ್ ಇರುವವರು ಸುಮಾರು 29 ಲಕ್ಷ. ಯುರೋಪಿನಲ್ಲಿ ಒಂದು ಲಕ್ಷ ಜನರಲ್ಲಿ 140ರ ಆಸುಪಾಸು. ಭಾರತದಲ್ಲಿ ಇದು ಬಹಳ ಅಪರೂಪವೆಂದು ವೈದ್ಯ ಪಠ್ಯಗಳು ಹೇಳುತ್ತ ಬಂದಿದ್ದವು. ಮಂಗಳೂರು ಬಳಿಯ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರತಜ್ಞೆ ಡಾ. ಲೇಖಾ ಪಂಡಿತ್ ಮಯಲಿನ್ ನಾಶದ ಕಾಯಿಲೆಗಳಿಗೆಂದೇ ಒಂದು ನೋಂದಣಿಯನ್ನು ಕಟ್ಟಿ, ಮಂಗಳೂರು ನಗರದಲ್ಲಿ ಎಣಿಕೆ ನಡೆಸಿದರು. 2014ರಲ್ಲಿ ಪ್ರಕಟವಾದ ಅಂಕಿ: ಒಂದು ಲಕ್ಷಕ್ಕೆ 8.35. ಯುರೋಪಿಗೆ ಹೋಲಿಸಿದರೆ ಕಡಿಮೆ, ಅಲ್ಲಿಯವರೆಗೆ ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು.

ಅದೇ ಎಣಿಕೆ ಇನ್ನೊಂದು ಕಾಯಿಲೆಯನ್ನೂ ಲೆಕ್ಕ ಹಾಕಿತು. ನ್ಯೂರೋಮಯಲೈಟಿಸ್ ಆಪ್ಟಿಕ ಎಂಬ ಇದು ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಘೋರವಾಗಿ ಹೊಡೆಯುತ್ತದೆ. ಹೊರನೋಟಕ್ಕೆ ಎಂಎಸ್‌ನಂತೆಯೇ ಕಾಣುತ್ತದೆ. ಇದನ್ನು ಗುರುತಿಸುವ ರಕ್ತಪರೀಕ್ಷೆಗೆ ದಾರಿ ತೆರೆದದ್ದು 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಂಗಡಿಗರು ಪತ್ತೆಮಾಡಿದ ಪ್ರತಿಕಾಯ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಮುಂತಾದ ಕೆಲವು ಔಷಧಗಳು ಈ ಕಾಯಿಲೆಯನ್ನು ಕೆರಳಿಸಬಲ್ಲವು. ಆದ್ದರಿಂದ ಚಿಕಿತ್ಸೆ ಶುರುವಾಗುವ ಮುಂಚೆ ಎರಡರಲ್ಲಿ ಯಾವುದೆಂದು ಖಚಿತವಾಗುವುದು ಬಹಳ ಅಗತ್ಯ.

ಖರ್ಚಿನ ಪ್ರಶ್ನೆಗೂ ಸಂಶೋಧನೆ ನೆರವಾಗಿದೆ. ಎಂಎಸ್‌ನ ಹೊಸ ಔಷಧಗಳ ಬೆಲೆ ಸಾಮಾನ್ಯ ಕುಟುಂಬದ ಎಟುಕಿಗೆ ಮೀರಿದ್ದು. ಬೇರೆ ಕಾಯಿಲೆಗಳಿಗೆಂದು ಬಂದ, ಈಗ ಹಲವು ಕಂಪನಿಗಳು ತಯಾರಿಸುವ ರಿಟುಕ್ಸಿಮ್ಯಾಬ್ ಎಂಬ ಔಷಧ ಎಂಎಸ್‌ನಲ್ಲೂ ಕೆಲಸ ಮಾಡುತ್ತದೆಂದು ಅಧ್ಯಯನಗಳು ತೋರಿಸಿದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಎಂಎಸ್‌ಗಾಗಿ ಮೊದಲ ಬಾರಿ ಮೂರು ಔಷಧಗಳನ್ನು ಸೇರಿಸಿದಾಗ ಅದರಲ್ಲಿ ರಿಟುಕ್ಸಿಮ್ಯಾಬ್ ಕೂಡ ಇತ್ತು.

ಕಾನೂನಿನಲ್ಲಿ ಎಂಎಸ್‌ಗೆ ಜಾಗ ಸಿಕ್ಕಿದೆ. 1985ರಲ್ಲಿ ಮುಂಬೈಯಲ್ಲಿ ಶುರುವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದಂಥ ಸಂಘಟನೆಗಳು ರೋಗಿಗಳ ಪರವಾಗಿ ದನಿಯೆತ್ತುತ್ತ ಬಂದಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಎಂಎಸ್ ಒಂದು. ಹೆಚ್ಚಿನ ಸೌಲಭ್ಯಗಳಿಗೆ 40 ಶೇಕಡಾ ವೈಕಲ್ಯದ ಪ್ರಮಾಣಪತ್ರ ಬೇಕು. ಕಾಲಿನ ಬಲವನ್ನು ಅಳೆಯುವುದು ಸುಲಭ. ಮಧ್ಯಾಹ್ನದ ಸುಸ್ತನ್ನು, ಮರೆತುಹೋದ ಮೀಟಿಂಗನ್ನು ಅಳೆಯುವುದು ಕಷ್ಟ. ಪ್ರಯೋಗಗಳಲ್ಲಿ ಅವನ್ನು ಅಳೆಯುವ ಪ್ರಶ್ನಾವಳಿಗಳು ಆಗಲೇ ಬಳಕೆಯಲ್ಲಿವೆ. ಪ್ರಮಾಣಪತ್ರ ಕೊಡುವ ಕೊಠಡಿಗೂ ಅವು ಬರಬೇಕು.

ಇಲ್ಲಿ ಹೇಳಿದ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ತಣ್ಣನೆಯ ದೇಶಗಳಲ್ಲಿ, ಬೇರೆ ಬಗೆಯ ಮನೆಗಳಲ್ಲಿ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಎಂಎಸ್ ಇರುವ ಶಿಕ್ಷಕಿಯೊಬ್ಬರು ಶಾಲೆಯ ದಿನವನ್ನು ಹೇಗೆ ಹಂಚಿಕೊಂಡರೆ ಒಳ್ಳೆಯದು, ಕೂಡುಕುಟುಂಬದ ಅಡುಗೆಯ ಹೊಣೆ ಹೊತ್ತ ಸೊಸೆಗೆ ಯಾವ ತರಬೇತಿ ಹೊಂದುತ್ತದೆ, ಕನ್ನಡದಲ್ಲಿ ಕತೆ ಕಟ್ಟಿ ನೆನಪಿಡುವ ಪಾಠಗಳು ಹೇಗಿರಬೇಕು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಯೂಟಾದಿಂದಲೋ ನ್ಯೂಜೆರ್ಸಿಯಿಂದಲೋ ತರಿಸಿಕೊಳ್ಳಲಾಗದು. ಅವುಗಳಿಗೆ ಬೇಕಾದ ನೋಂದಣಿಯ ಮಾದರಿ ಮಂಗಳೂರಿನಲ್ಲಿದೆ, ಫಿಸಿಯೋಥೆರಪಿ ಕಾಲೇಜುಗಳು ಹಲವು ಜಿಲ್ಲೆಗಳಲ್ಲಿವೆ, ಬಹುತೇಕ ಮನೆಗಳಲ್ಲಿ ಫೋನಿದೆ. ಆ ಉತ್ತರಗಳು ಸಿಗುವವರೆಗೆ ಎಂಎಸ್ ಇರುವವರಿಗೂ ಅವರ ಮನೆಯವರಿಗೂ ಒಂದು ಹಕ್ಕಿದೆ. ಯಾರಾದರೂ ಇದನ್ನು ಮಾಡಬೇಡಿ ಎಂದಾಗ, ಇದನ್ನು ಮಾಡಿದರೆ ಗುಣವಾಗುತ್ತದೆ ಎಂದಾಗ, ಯಾರ ಮೇಲೆ ಪರೀಕ್ಷಿಸಿ ಹೇಳುತ್ತಿದ್ದೀರಿ ಎಂದು ವಿನಯದಿಂದ ಕೇಳಬೇಕು, ಉತ್ತರ ಸಿಗುವವರೆಗೂ ಕೇಳಬೇಕು.